ಕಾಲು ಇಳಿಬಿಟ್ಟ ವಿಮಾನ

ನಾನು ಜಪಾನಿಗೆ ಹೋದದ್ದು ಒಂದು ವಿಮಾನದ ಕಾಲು ನೋಡಲಿಕ್ಕೆ. ಹೀಗೆಂದರೆ ಶಿರಸಿಯಲ್ಲಿ ಈಗಲೂ ನಗುತ್ತಾರೆ. ಜಪಾನಿಗೆ ಹೋದವರು ಹೂಬಿಟ್ಟ ಚೆರ್ರಿ ಮರದ ಕೆಳಗೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ, ಬುಲೆಟ್ ರೈಲು ಹತ್ತುತ್ತಾರೆ. ನಾನು ಎರಡನ್ನೂ ಮಾಡಲಿಲ್ಲ. ಒಂಬತ್ತು ದಿನ ಇದ್ದವನು ಅದರಲ್ಲಿ ಒಂದು ಇಡೀ ಮಧ್ಯಾಹ್ನ ತುಕ್ಕು ಹಿಡಿದ ಒಂದು ವಿಮಾನದ ಪಕ್ಕ ನೆಲದ ಮೇಲೆ ಕೂತಿದ್ದೆ. ಉಳಿದ ದಿನಗಳೆಲ್ಲ ಆ ಮಧ್ಯಾಹ್ನದ ಹಿಂದೆ ಮುಂದೆ ಇದ್ದ ದಿನಗಳು, ಅಷ್ಟೇ.

ಹೊರಡುವ ಮೊದಲು

ನಾನು ಹೆಗಡೆ, ಅಂಚೆ ಕಚೇರಿಯ ಗುಮಾಸ್ತ. ಹುಟ್ಟಿದ್ದು ಸಿದ್ದಾಪುರದ ಹತ್ತಿರ ಬಿಳಗಿಯಲ್ಲಿ. ಅರವತ್ತೈದರ ಯುದ್ಧದ ಹೊತ್ತಿಗೆ ಪತ್ರಿಕೆಯಲ್ಲಿ ಬರುತ್ತಿದ್ದ ವಿಮಾನದ ಚಿತ್ರಗಳನ್ನು ಕತ್ತರಿಸಿ ಅಂಟಿಸಿಡಲು ಶುರು ಮಾಡಿದವನು ಮೀಸೆ ಬೆಳ್ಳಗಾದರೂ ಬಿಟ್ಟಿಲ್ಲ. ಅಡಿಕೆ ಹಾಳೆಯನ್ನು ನೆನೆಸಿ, ಬಗ್ಗಿಸಿ, ಕತ್ತರಿಸಿ ವಿಮಾನ ಮಾಡುವ ಹುಚ್ಚೂ ಇದೆ. ರೆಕ್ಕೆಗೆ ಹಾಳೆಯಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ, ಒಣಗಿದ ಮೇಲೆ ಕೊಟ್ಟ ಬಾಗನ್ನು ಬಿಡುವುದೇ ಇಲ್ಲ. ಅಟ್ಟದ ತುಂಬ ಅವೇ ಇದ್ದವು. ಎರಡನೇ ಮಹಾಯುದ್ಧದ ಅರ್ಧ ಭಾಗವನ್ನು ಇಲಿಗಳು ತಿಂದು ಮುಗಿಸಿವೆ.

ತೊಂಬತ್ತರ ದಶಕದ ಶುರುವಿನಲ್ಲಿ ನನಗೆ ಯಲ್ಲಾಪುರದಲ್ಲಿ ಕೆಲಸ. ಸಂಜೆ ನಂದೊಳ್ಳಿ, ವಜ್ರಳ್ಳಿಗಳಿಗೆ ಹೋಗಬೇಕಾದ ಟಪಾಲು ಚೀಲ ಕಟ್ಟಿ ಅರಗಿನ ಮುದ್ರೆ ಒತ್ತಿದ ಮೇಲೆ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ಬೆಂಚಿಗೆ ಹೋಗಿ ಕೂರುತ್ತಿದ್ದೆ. ಅಂಗಡಿ ರಫೀಕನದು, ಬೆಂಚು ಅವನ ಅಪ್ಪ ಖಾದರಜ್ಜನದು. ಖಾದರಜ್ಜ ಹರೆಯದಲ್ಲಿ ಬ್ರಿಟಿಷರ ಸೈನ್ಯಕ್ಕೆ ಸೇರಿ ಬರ್ಮಾದಲ್ಲಿ ಲಾರಿ ಓಡಿಸಿದವರು. ಆಮೇಲೆ ನಲವತ್ತು ವರ್ಷ ನಮ್ಮ ಕಾಡಿನ ಮರದ ನಾಟಾ ತುಂಬಿಕೊಂಡು ಹುಬ್ಬಳ್ಳಿಗೆ ಹೋಗಿ ಬಂದು ಮಾಡಿದವರು. ಯುದ್ಧದ ಪುಸ್ತಕ ಓದುವ ನನಗೆ, ಯುದ್ಧದಿಂದ ಬಂದ ಮನುಷ್ಯನೇ ಸಿಕ್ಕಿದಂತಾಗಿತ್ತು.

ಅವರು ಹೇಳುತ್ತಿದ್ದ ಕತೆ ಒಂದೇ. ಬರ್ಮಾದಿಂದ ಹಿಂದೆ ಸರಿಯುವಾಗ ರಸ್ತೆಯ ಮೇಲೆ ಲಾರಿಗಳ ಸಾಲು. ಜಪಾನಿನ ಒಂದು ವಿಮಾನ ತೀರ ಕೆಳಗೆ ಬಂತು. "ಗಿಡುಗ ಕೋಳಿಮರಿಗೆ ಬರೋ ಹಂಗ, ಎರಡೂ ಕಾಲು ಇಳಿಬಿಟ್ಕೊಂಡು ಬಂತು ನೋಡ್ರಿ" ಎನ್ನುವಾಗ ಖಾದರಜ್ಜ ಎರಡೂ ಕೈಗಳ ಬೆರಳು ಬಗ್ಗಿಸಿ ಮುಂದಕ್ಕೆ ಚಾಚುತ್ತಿದ್ದರು. ಅವರು ರಸ್ತೆ ಬದಿಯ ಹೊಂಡಕ್ಕೆ ಹಾರಿದರು. ಹಿಂದಿನ ಲಾರಿಯಲ್ಲಿದ್ದ ಬಿಜಾಪುರದ ಕಡೆಯ ಗೆಳೆಯ ಹಾರುವುದು ತಡವಾಯಿತು. ಕತೆ ಅಲ್ಲಿಗೆ ನಿಲ್ಲುತ್ತಿತ್ತು.

ಆಗೆಲ್ಲ ಪತ್ರಮಿತ್ರರ ಕಾಲ. ಒಂದು ಹವ್ಯಾಸಿ ಪತ್ರಿಕೆಯ ಕೊನೆಯ ಪುಟದಲ್ಲಿ ಸಿಕ್ಕಿದ ವಿಳಾಸಕ್ಕೆ ಬರೆದು ನನಗೆ ಮೋರಿತಾ ಎಂಬ ಜಪಾನಿನ ಕ್ಷೌರಿಕರೊಬ್ಬರ ಸ್ನೇಹವಾಗಿತ್ತು. ಅವರಿಗೂ ವಿಮಾನದ ಹುಚ್ಚು. ನಿಘಂಟು ನೋಡಿ ನೋಡಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಒಂದು ಸಲ ಅವರು ಜಪಾನಿನ ಯುದ್ಧವಿಮಾನಗಳ ಚಿತ್ರದ ಪುಸ್ತಕವನ್ನೇ ಕಳಿಸಿದರು. ಅದನ್ನು ಮೂರು ದಿನ ರಾತ್ರಿಯೆಲ್ಲ ಓದಿ, ಕಂಕುಳಲ್ಲಿಟ್ಟುಕೊಂಡು ಬೆಂಚಿಗೆ ಹೋದೆ. ಅವತ್ತು ಬೆಂಚು ತುಂಬಿತ್ತು. ಖಾದರಜ್ಜ ಗಿಡುಗದ ಕಾಲಿನವರೆಗೆ ಬಂದರು. ನಾನು ಪುಸ್ತಕ ಬಿಚ್ಚಿ, ಜಪಾನಿನ ಯುದ್ಧವಿಮಾನಗಳು ಹಾರುವಾಗ ಚಕ್ರವನ್ನು ಹೊಟ್ಟೆಯೊಳಗೆ ಮಡಚಿಕೊಳ್ಳುತ್ತವೆ, ಕಾಲು ಇಳಿಬಿಟ್ಟಿದ್ದರೆ ಅದು ಜಪಾನಿನದ್ದೇ ಅಲ್ಲ ಎಂದು ಪುಟ ಪುಟ ತಿರುಗಿಸಿ ತೋರಿಸಿದೆ. ಯಾರೋ, ಹಾಗಾದರೆ ಅಜ್ಜ ನಮ್ಮದೇ ವಿಮಾನಕ್ಕೆ ಹೆದರಿ ಹೊಂಡಕ್ಕೆ ಹಾರಿದ್ದು ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಖಾದರಜ್ಜ ಕೈ ಹಿಂದಕ್ಕೆ ತೆಗೆದುಕೊಂಡು ಮಗನ ಹತ್ತಿರ ಚಹಾ ಹೇಳಿದರು. ಆಮೇಲೆ ನಾನಿದ್ದಷ್ಟು ವರ್ಷ ಆ ಕತೆಯನ್ನು ಅವರ ಬಾಯಲ್ಲಿ ಕೇಳಲಿಲ್ಲ.

ನನಗೆ ಶಿರಸಿಗೆ ವರ್ಗವಾದ ಮೇಲೆ ಮೋರಿತಾ ಅವರಿಂದ ಒಂದು ಪತ್ರ ಬಂತು. ಒಳಗೆ ಪತ್ರಿಕೆಯ ತುಣುಕು. ಅವರ ಊರ ಹತ್ತಿರದ ಸಮುದ್ರದಿಂದ ಹಳೆಯ ಯುದ್ಧವಿಮಾನವೊಂದನ್ನು ಎತ್ತಿದ್ದರಂತೆ. ಇದಕ್ಕೆ ಚಕ್ರ ಮಡಚಲು ಬರುವುದಿಲ್ಲ, ಯುದ್ಧದ ಶುರುವಿಗೆ ಇದು ಬರ್ಮಾದಲ್ಲೂ ಇತ್ತು, ನಿಮಗೆ ಕಳಿಸಿದ ಪುಸ್ತಕದಲ್ಲಿ ಈ ಹಳೆಯ ಮಾದರಿ ಇಲ್ಲ ಎಂದು ಬರೆದಿದ್ದರು. ಚಿತ್ರದಲ್ಲಿ ವಿಮಾನ ಕ್ರೇನಿಗೆ ನೇತಾಡುತ್ತಿತ್ತು, ಕಾಲಿನ ಭಾಗ ಮಸುಕು. ಆ ಪತ್ರವನ್ನು ಏಳು ವರ್ಷ ಕಪಾಟಿನಲ್ಲಿಟ್ಟುಕೊಂಡಿದ್ದೆ. ನಾಚಿಕೆಗೆ ನೂರು ನೆಪ ಸಿಗುತ್ತವೆ. ವರ್ಗವಾಗಿದೆ, ರಜೆ ಇಲ್ಲ, ಚಿತ್ರ ಸ್ಪಷ್ಟವಿಲ್ಲ.

ಕೊನೆಗೆ ಎರಡು ಸಾವಿರದ ನಾಲ್ಕರಲ್ಲಿ, ಕತ್ತರಿ ಕೆಳಗಿಟ್ಟು ಅಂಗಡಿಯನ್ನು ಅಳಿಯನಿಗೆ ಬಿಟ್ಟ ಮೋರಿತಾ, ಈಗಲಾದರೂ ಬನ್ನಿ ಎಂದು ಬರೆದರು. ನಾನು ಹೋಗುತ್ತೇನೆಂದು ಹೊರಟೆ. ಹೆಂಡತಿ ಸಾವಿತ್ರಿ ನನ್ನ ಮಾತನ್ನೆಲ್ಲ ಕೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳಿದಳು.

"ಆ ಅಜ್ಜಂಗೆ ತಪ್ಪಾತು ಹೇಳಲೆ ಜಪಾನಿಗೆ ಎಂತಕ್ಕೆ ಹೋಗವು? ಯಲ್ಲಾಪುರದ ಬಸ್ಸು ಹತ್ತಿರೆ ಸಾಕಾಗ್ತಿಲ್ಯ?"

"ಒಂದ್ಸಲ ಪುಸ್ತಕ ನಂಬಿ ಮಾತಾಡಿ ಆತು. ಈ ಸಲ ಕಣ್ಣಲ್ಲಿ ನೋಡದ್ದೆ ಆನು ಅವರ ಎದುರಿಗೆ ನಿಲ್ತ್ನಿಲ್ಲೆ" ಎಂದೆ. ಅವಳು ನನ್ನ ಅಂಗಿಗಳಿಗೆ ಇಸ್ತ್ರಿ ಹಾಕಲು ಕೂತಳು.

ಮುಂಬಯಿಯಿಂದ ಆಚೆ

ನಲವತ್ತು ವರ್ಷ ವಿಮಾನದ ಬಗ್ಗೆ ಓದಿದ ನಾನು ವಿಮಾನ ಹತ್ತಿದ್ದು ಐವತ್ತೊಂದನೇ ವಯಸ್ಸಿನಲ್ಲಿ. ರೆಕ್ಕೆಯ ಮೇಲಿನ ಸೀಟು ಸಿಕ್ಕಿತ್ತು. ನೆಲ ಕಾಣುವುದಿಲ್ಲವೆಂದು ಬೇರೆಯವರು ಬೇಡವೆನ್ನುವ ಜಾಗ ಅದು. ನನಗೆ ಮದುವೆಮನೆಯಲ್ಲಿ ಮೊದಲ ಪಂಕ್ತಿಯೇ ಸಿಕ್ಕಿದಷ್ಟು ಖುಷಿ. ಪಕ್ಕದಲ್ಲಿ ಮುಂಬಯಿಯ ಬಟ್ಟೆ ವ್ಯಾಪಾರಿಯೊಬ್ಬರು ಆಗಲೇ ಕಣ್ಣು ಮುಚ್ಚಿ ಜಪ ಶುರು ಮಾಡಿದ್ದರು. ನಾನು ಅವರಿಗೆ ಧೈರ್ಯ ತುಂಬಲು ಹೋದೆ. ಈಗ ರೆಕ್ಕೆಯ ಹಿಂದಿನ ಹಲಗೆ ಇಳಿಯಿತು, ಈಗ ನೆಲ ಬಿಟ್ಟಿತು, ಈಗ ಕೇಳಿದ ದಡಲ್ ಸದ್ದು ಚಕ್ರ ಒಳಗೆ ಹೋದದ್ದು, ಒಳಗೆ ಹೋಗದಿದ್ದರೆ ಆ ಸದ್ದು ಬರುತ್ತಿರಲಿಲ್ಲ ಎಂದು ಹಿಂದಿಯಲ್ಲಿ ವಿವರಿಸುತ್ತ ಹೋದೆ. ಅವರು ಜಪ ನಿಲ್ಲಿಸಿ ಗಗನಸಖಿಯನ್ನು ಕರೆದು ಬೇರೆ ಸೀಟು ಕೇಳಿದರು. ಸಿಂಗಪುರದವರೆಗೆ ನನ್ನ ಪಕ್ಕ ಖಾಲಿ ಇತ್ತು.

ಚಕ್ರ ಒಳಗೆ ಹೋದ ಸದ್ದು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಬಾಲ್ಯದಲ್ಲಿ ಬಿಳಗಿಯ ಗದ್ದೆಯ ಬದುವಿನ ಮೇಲೆ ಮಲಗಿ ಆಕಾಶದಲ್ಲಿ ಬಿಳಿ ಗೆರೆ ಎಳೆಯುತ್ತ ಹೋಗುವ ವಿಮಾನ ನೋಡುವಾಗ, ಒಂದು ಸಲ ಅದರೊಳಗೆ ಕೂತರೆ ಸಾಕು ಎನ್ನಿಸುತ್ತಿತ್ತು. ಈಗ ಕೂತಿದ್ದೆ. ಮನಸ್ಸು ಪಂಕ್ಚರ್ ಅಂಗಡಿಯ ಬೆಂಚಿನ ಮೇಲಿತ್ತು.

ಫುಕುವೋಕ: ಹಾಳೆಗೆ ತಪಾಸಣೆ

ಮೋರಿತಾ ಅವರಿಗೆಂದು ಹಾಳೆಯಲ್ಲಿ ಒಂದು ಡಕೋಟಾ ವಿಮಾನ ಮಾಡಿ ಒಯ್ದಿದ್ದೆ. ಫುಕುವೋಕದ ವಿಮಾನ ನಿಲ್ದಾಣದಲ್ಲಿ ಗಿಡಮರ ಪರೀಕ್ಷಿಸುವ ಕಟ್ಟೆಯೊಂದಿದೆ. ಬೇರೆ ದೇಶದ ಹುಳು ಹುಪ್ಪಟೆ ಒಳಗೆ ಬರಬಾರದೆಂದು ಅಲ್ಲಿ ಹಿಡಿದು ನಿಲ್ಲಿಸುತ್ತಾರೆ. ಬಿಳಿ ಕೈಗವಸು ತೊಟ್ಟ ಯುವಕನೊಬ್ಬ ನನ್ನ ಡಬ್ಬಿ ಬಿಚ್ಚಿ ಡಕೋಟಾವನ್ನು ಮೇಜಿನ ಮೇಲಿಟ್ಟು, ಇದು ಯಾವ ಗಿಡ ಎಂದು ಕೇಳಿದ. ನಾನು ಚೀಟಿಯ ಮೇಲೆ ಅಡಿಕೆ ಮರ ಬರೆದು, ಉದುರುವ ಹಾಳೆಯನ್ನು ಬಾಣದ ಗುರುತು ಹಾಕಿ ತೋರಿಸಿದೆ. ಅವನು ಭೂತಗನ್ನಡಿ ತಂದು ಮೂಗಿನಿಂದ ಬಾಲದವರೆಗೆ ನೋಡಿದ. ಇನ್ನಿಬ್ಬರನ್ನು ಕರೆದ. ಮೂವರೂ ಬಗ್ಗಿ ನೋಡಿದರು. ಎಲ್ಲ ಮುಗಿದು ಅವರಿಬ್ಬರು ಹೋದ ಮೇಲೆ ಆ ಯುವಕ ಅತ್ತಿತ್ತ ನೋಡಿ, ಡಕೋಟಾವನ್ನು ಗಾಳಿಯಲ್ಲಿ ಎತ್ತಿ ಒಂದು ಸಣ್ಣ ತಿರುವು ತಿರುಗಿಸಿ, ಗಂಭೀರವಾಗಿ ಡಬ್ಬಿಯೊಳಗೆ ಇಳಿಸಿದ. ನನಗೆ ಆ ದೇಶದ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲೇ.

ಕವಳದ ಚೀಲದ ವಿಷಯದಲ್ಲಿ ಅವನು ಅಷ್ಟು ಉದಾರಿಯಾಗಲಿಲ್ಲ. ವೀಳ್ಯದೆಲೆ ತೆಗೆದಿಟ್ಟುಕೊಂಡ, ಅಡಿಕೆಯನ್ನೂ ತೆಗೆದಿಟ್ಟುಕೊಂಡ, ಸುಣ್ಣದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ವಿನಯದಿಂದ ಹಿಂದೆ ಕೊಟ್ಟ. ಊಟ ಬಿಟ್ಟರೂ ಕವಳ ಬಿಡದವನು ನಾನು. ಒಂಬತ್ತು ದಿನ ಜಪಾನಿನಲ್ಲಿ ನನ್ನ ಹತ್ತಿರ ಸುಣ್ಣ ಮಾತ್ರ ಇತ್ತು.

ಮೋರಿತಾ ಅವರ ಮನೆ

ಹನ್ನೆರಡು ವರ್ಷ ಅಕ್ಷರದಲ್ಲೇ ಕಂಡಿದ್ದ ಮನುಷ್ಯ ಎದುರು ಬಂದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವರು ಬಗ್ಗಿದರು. ನಾನು ಕೈಮುಗಿದೆ. ಅವರು ಕೈಮುಗಿಯಲು ಹೋದರು, ನಾನು ಬಗ್ಗಲು ಹೋದೆ, ತಲೆಗೆ ತಲೆ ಬಡಿಯಿತು. ಎಪ್ಪತ್ತು ದಾಟಿದ ಸಣ್ಣ ಆಳು, ಬೋಳು ತಲೆ. ಕ್ಷೌರಿಕನಿಗೆ ತನ್ನ ತಲೆಯ ಕೆಲಸ ತಪ್ಪಿತು ಎಂದು ಅವರೇ ಹೇಳಿಕೊಂಡು ನಕ್ಕರು. ಅವರ ಅಂಗಡಿಯ ಚಾವಣಿಯಿಂದ ಮೂವತ್ತೋ ನಲವತ್ತೋ ವಿಮಾನಗಳು ದಾರದಲ್ಲಿ ತೂಗುತ್ತಿದ್ದವು. ಕತ್ತು ಹಿಂದಕ್ಕೆ ಹಾಕಿ ಗಡ್ಡ ಬೋಳಿಸಿಕೊಳ್ಳುವವರಿಗೆ ನೋಡಲು ಏನಾದರೂ ಬೇಕಲ್ಲ ಎನ್ನುವುದು ಅವರ ವಾದ. ನನ್ನ ಡಕೋಟಾಕ್ಕೆ ನಡುವಿನ ಕುರ್ಚಿಯ ಮೇಲೆ ಜಾಗ ಸಿಕ್ಕಿತು.

ಮನೆಯೊಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡುವುದು, ನೆಲದ ಮೇಲೆ ಕೂತು ಉಣ್ಣುವುದು, ಬಂದವರಿಗೆ ಮೊದಲು ನೀರೋ ಚಹವೋ ಕೊಡುವುದು, ಎಲ್ಲ ನಮ್ಮಂತೆಯೇ ಎಂದು ನಾನು ಧೈರ್ಯವಾಗಿದ್ದೆ. ಮೋಸ ಹೋದದ್ದು ಬಚ್ಚಲಿನಲ್ಲಿ. ಸಂಜೆ ನನ್ನನ್ನೇ ಮೊದಲು ಸ್ನಾನಕ್ಕೆ ಕಳಿಸಿದರು. ಒಳಗೆ ಒಂದು ಆಳವಾದ ತೊಟ್ಟಿಯಲ್ಲಿ ಹಬೆಯಾಡುವ ಬಿಸಿನೀರು, ಪಕ್ಕದಲ್ಲಿ ಸಣ್ಣ ಮರದ ಬೋಗುಣಿ. ಹಂಡೆಯಿಂದ ತೋಡಿ ಹೊಯ್ದುಕೊಂಡು ಬೆಳೆದವನು ನಾನು. ಇಷ್ಟು ನೀರು ಕಾಸಿಟ್ಟಿದ್ದಾರೆ, ಅರ್ಧಕ್ಕೆ ಬಿಟ್ಟರೆ ಬೇಜಾರಾದೀತು ಎಂದು ಬೋಗುಣಿಯಲ್ಲಿ ತೋಡಿ ತೋಡಿ ತಳ ಕಾಣುವವರೆಗೂ ಹೊಯ್ದುಕೊಂಡು ಹೊರಗೆ ಬಂದೆ. ಬಟ್ಟೆ ಹಿಡಿದು ಸಾಲಾಗಿ ಕೂತಿದ್ದ ಮೋರಿತಾ, ಅವರ ಹೆಂಡತಿ, ಮಗಳು, ಅಳಿಯ ಒಬ್ಬೊಬ್ಬರೇ ಹೋಗಿ ಒಳಗೆ ಇಣುಕಿ ಬಂದರು. ಹೊರಗೆ ಮೈ ತೊಳೆದುಕೊಂಡು, ಅದೇ ನೀರಿನಲ್ಲಿ ಮನೆಯವರೆಲ್ಲ ಸರದಿಯ ಮೇಲೆ ಮುಳುಗಿ ಕೂರುವುದು ಅಲ್ಲಿಯ ಪದ್ಧತಿ. ಮೋರಿತಾ ಅವರ ಹೆಂಡತಿ ಬೆನ್ನು ತಿರುಗಿಸಿ ನಿಂತು ಬಹಳ ಹೊತ್ತು ಭುಜ ಕುಣಿಸುತ್ತ ನಗುತ್ತಿದ್ದರು.

ಅದೇ ಮನೆಯಲ್ಲಿ ನನಗೆ ಇನ್ನೊಂದು ಸತ್ಯ ತಿಳಿಯಿತು. ಹಿಂದೆ ಅವರು ನನಗೊಂದು ಕಾರ್ಟೂನ್ ಚಿತ್ರದ ಕ್ಯಾಸೆಟ್ ಕಳಿಸಿದ್ದರು. ಆಗ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಹಿಂದಿಗಿಳಿಸಿದ ಜಪಾನಿ ಕಾರ್ಟೂನುಗಳು ಬರುತ್ತಿದ್ದವು, ನಮ್ಮ ಮಗಳಿಗಿಂತ ಮೊದಲು ನಾನೇ ಚಾಪೆ ಹಾಸಿಕೊಂಡು ಕೂರುತ್ತಿದ್ದೆ. ಆ ಆಕಾಶ, ಆ ಮೋಡ ನೋಡಲಿಕ್ಕೆ. ಈ ಕ್ಯಾಸೆಟ್ ನಮ್ಮ ಶಿರಸಿಯ ಬಾಡಿಗೆ ವಿಸಿಆರಿನಲ್ಲಿ ಬಣ್ಣ ಕೊಡಲಿಲ್ಲ. ಕಪ್ಪು ಬಿಳುಪಾಗಿ, ಗೆರೆಗೆರೆಯಾಗಿ ಓಡಿತು. ಭಾಷೆಯಂತೂ ತಿಳಿಯುವುದಿಲ್ಲ. ದ್ವೀಪಗಳಿಗೆ ಟಪಾಲು ಒಯ್ಯುವ ಹಳೆಯ ವಿಮಾನ, ಅದನ್ನು ಹಾರಿಸುವ ಹುಡುಗಿ, ಅವಳನ್ನು ಬೆನ್ನಟ್ಟುವ ಒಬ್ಬ ಕುಂಟ ಖಳನಾಯಕ. ಅಪ್ಪ ಮಗಳು ಸೇರಿ ಕತೆ ಕಟ್ಟಿಕೊಂಡು ಹತ್ತು ಹನ್ನೆರಡು ಸಲ ನೋಡಿದೆವು, ಖಳನನ್ನು ಬೈದೆವು. ಮೋರಿತಾ ಅವರ ಮನೆಯಲ್ಲಿ ಅದನ್ನೇ ಬಣ್ಣದಲ್ಲಿ ಹಾಕಿ ಮಾತು ಮಾತಿಗೂ ನಿಲ್ಲಿಸಿ ಅರ್ಥ ಹೇಳಿದರು. ಕುಂಟ ಖಳನಲ್ಲ. ಅವಳ ವಿಮಾನದ ಚಕ್ರದ ತಿರುಪು ಸಡಿಲವಾಗಿದೆ, ಇಳಿಸಬೇಡ ಎಂದು ಹೇಳಲು ಬೆನ್ನಟ್ಟುತ್ತಿದ್ದ ಮೆಕ್ಯಾನಿಕ್. ಅಷ್ಟು ವರ್ಷ ಬೈಸಿಕೊಂಡ ಆ ಮನುಷ್ಯನ ಮುಖಕ್ಕೆ ನಾನು ಕೈಮುಗಿದೆ. ಮೋರಿತಾ ಅವರು ಚಿತ್ರ ಚೆನ್ನಾಗಿದೆಯೆಂದು ಕೈಮುಗಿದೆನೆಂದುಕೊಂಡರು.

ಮೂರು ಮಾಳಿಗೆಯ ಅಂಗಡಿ

ಐದನೆಯ ದಿನ ಪೇಟೆಗೆ ಕರೆದುಕೊಂಡು ಹೋದರು. ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಹುಬ್ಬಳ್ಳಿ ಬಸ್ಸಿನಲ್ಲಾದರೆ ಇಷ್ಟು ಹೊತ್ತಿಗೆ ಪಕ್ಕದವನ ಊರು, ಗೋತ್ರ, ಮಗಳಿಗೆ ಗಂಡು ಗೊತ್ತಾಯಿತೋ ಇಲ್ಲವೋ ಎಲ್ಲ ತಿಳಿದಿರುತ್ತಿತ್ತು. ಇಲ್ಲಿ ನಾನು ಒಬ್ಬರನ್ನು ನೋಡಿ ನಕ್ಕರೆ ಅವರು ತಮ್ಮ ಅಂಗಿಗೆ ಏನೋ ಹತ್ತಿದೆಯೆಂದು ಕೊಡವಿಕೊಂಡರು.

ಅಂಗಡಿಗೆ ಮೂರು ಮಾಳಿಗೆ. ಕೆಳಗೆ ಕಾರ್ಟೂನಿನ ಗೊಂಬೆಗಳು, ಪುಸ್ತಕಗಳು. ನಡುವೆ ಟ್ಯಾಂಕು, ಹಡಗು. ಮೇಲೆ ಪೂರ್ತಿ ವಿಮಾನ. ನನಗೆ ಸಾಮಾನಿಗಿಂತ ಗಿರಾಕಿಗಳೇ ಆಶ್ಚರ್ಯ. ಕಚೇರಿಯಿಂದ ಹಾಗೇ ಬಂದ, ಟೈ ಕಟ್ಟಿದ, ತಲೆ ನರೆತ ಗಂಡಸರು ಮೊಣಕಾಲೂರಿ ಕೆಳಗಿನ ಹಲಗೆಯ ಡಬ್ಬಿಗಳನ್ನು ಒಂದೊಂದೇ ತೆಗೆದು ನೋಡುತ್ತಿದ್ದರು. ಶಿರಸಿಯಲ್ಲಿ ನಾನು ಬಣ್ಣದ ಡಬ್ಬಿಯನ್ನು ಕಾಯಿಪಲ್ಲೆಯ ಚೀಲದೊಳಗೆ ಮುಚ್ಚಿಟ್ಟು ತರುತ್ತಿದ್ದೆ. ಹೆಗಡೇರಿಗೆ ಇನ್ನೂ ಆಟದ ಸಾಮಾನು ಬೇಕಂತೆ ಎಂದು ನಗುವವರಿದ್ದರು. ನಾನೂ ನಕ್ಕು, ಮಗಳಿಗೆ ಎಂದು ಸುಳ್ಳು ಹೇಳುತ್ತಿದ್ದೆ. ಮಗಳು ಮದುವೆಯಾಗಿ ಹೋದ ಮೇಲೂ ಹೇಳುತ್ತಿದ್ದೆ. ಇಲ್ಲಿ ಮೊಣಕಾಲೂರಿದ್ದ ಒಬ್ಬ, ತಲೆ ಎತ್ತದೆಯೇ, ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ನಾನು ಅಲ್ಲಿ ಮೊಣಕಾಲೂರಿದೆ. ಜೀವನದಲ್ಲಿ ಅಷ್ಟು ನಿರಾಳವಾಗಿ ಎಲ್ಲೂ ಕೂತಿರಲಿಲ್ಲ. ಕಣ್ಣು ಒದ್ದೆಯಾದದ್ದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಹಳೆಯ ರೈಲು ನಿಲ್ದಾಣ

ನಾನು ನೋಡಲು ಬಂದದ್ದು ಏಳನೆಯ ದಿನ ಸಿಕ್ಕಿತು. ಮೋರಿತಾ ಅವರ ಊರಿನಿಂದ ಒಂದು ಡಬ್ಬಿಯ ಸಣ್ಣ ರೈಲು ಹೋಗುತ್ತದೆ, ಎರಡೂ ಕಡೆ ಗೋಧಿ ಹೊಲ. ಇಳಿದಲ್ಲಿ, ಬಳಕೆ ತಪ್ಪಿದ ನಿಲ್ದಾಣದ ಕಟ್ಟಡವನ್ನೇ ಸಂಗ್ರಹಾಲಯ ಮಾಡಿದ್ದರು. ಹಿಂದೆ ಆ ಊರಲ್ಲಿ ಸೈನ್ಯದ ವಿಮಾನ ನಿಲ್ದಾಣವಿತ್ತಂತೆ. ಏಳು ವರ್ಷ ಕಪಾಟಿನಲ್ಲಿಟ್ಟದ್ದನ್ನು ಈಗ ನೋಡಲೇಬೇಕಾಗಿತ್ತು. ಅದಕ್ಕೆ ಕಾಲಿದ್ದರೆ ನಾನು ಹನ್ನೆರಡು ವರ್ಷದ ಹಿಂದೆ ಮಾಡಿದ್ದು ತಪ್ಪು. ಇಲ್ಲದಿದ್ದರೂ ತಪ್ಪೇ, ಆದರೆ ಸ್ವಲ್ಪ ಕಡಿಮೆ. ಮನುಷ್ಯ ಅಷ್ಟು ಸಣ್ಣವನಾಗುತ್ತಾನೆ. ಕಾಲು ಇಲ್ಲದಿರಲಿ ಎಂದು ಒಂದು ಗಳಿಗೆ ಬಯಸಿಯೂ ಬಿಟ್ಟೆ.

ಕಾಲಿತ್ತು. ಸಮುದ್ರದ ಉಪ್ಪು ತಿಂದ ಮೈ, ಬಗ್ಗಿದ ಪಂಖ, ಅಲ್ಲಲ್ಲಿ ಕಿತ್ತುಹೋದ ತಗಡು. ಕೆಳಗೆ ಎರಡು ದಪ್ಪ ಕಾಲು, ಒಂದೊಂದರ ತುದಿಗೂ ಚಕ್ರ. ಮಡಚಲು ಬರುವ ಕೀಲೇ ಇಲ್ಲ. ಹುಟ್ಟಿದಾಗಿನಿಂದ ಕಾಲು ಇಳಿಬಿಟ್ಟುಕೊಂಡೇ ಹಾರಿದ ವಿಮಾನ ಅದು.

ನಿಂತು ನೋಡಿದರೆ ಸಾಲದು ಎನ್ನಿಸಿತು. ಹೊಂಡದಲ್ಲಿ ಬಿದ್ದವನಿಗೆ ಹೇಗೆ ಕಂಡಿರಬಹುದೆಂದು ಮೂಗಿನ ಎದುರಿಗೆ ಹೋಗಿ ನೆಲದ ಮೇಲೆ ಕೂತೆ. ಸಾಲದೆಂದು ಮೊಣಕೈ ಊರಿ ಒರಗಿದೆ. ಅಲ್ಲಿಂದ ರೆಕ್ಕೆ ಕಾಣುವುದಿಲ್ಲ, ಬಾಲ ಕಾಣುವುದಿಲ್ಲ. ಕಾಣುವುದು ಎದುರಿಗೆ ಚಾಚಿದ ಎರಡು ಕಾಲು ಮಾತ್ರ. ಖಾದರಜ್ಜನ ಬಗ್ಗಿದ ಬೆರಳುಗಳು ನೆನಪಾದವು. ಅವರು ಕಂಡದ್ದನ್ನು ಕಂಡ ಹಾಗೇ ಹೇಳಿದ್ದರು, ಒಂದು ಕೂದಲಿನಷ್ಟೂ ಹೆಚ್ಚಿಗೆ ಹೇಳಿರಲಿಲ್ಲ. ನಾನು ಹೊಂಡ ಕಂಡವನಲ್ಲ, ವಿಮಾನ ಕಂಡವನಲ್ಲ, ಮಂದಿಯ ನಡುವೆ ಪುಟ ತಿರುಗಿಸಿ ಆ ಮನುಷ್ಯನನ್ನು ನಗೆಗೀಡು ಮಾಡಿದ್ದೆ. ಅಲ್ಲಿಯ ಕಾವಲಿನ ಹೆಂಗಸು ನನಗೆ ತಲೆ ಸುತ್ತು ಬಂತೆಂದು ಗಾಬರಿಯಾಗಿ ಕುರ್ಚಿ, ನೀರು ಎರಡನ್ನೂ ತಂದರು. ಮೋರಿತಾ ಆ ಹೆಂಗಸಿಗೆ ಏನೋ ಹೇಳಿ ಕಳಿಸಿ, ತಾವೂ ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು.

ಯಲ್ಲಾಪುರದ ಬೆಂಚಿನ ಕತೆಯನ್ನು ನಾನು ಅವರಿಗೆ ಯಾವ ಪತ್ರದಲ್ಲೂ ಬರೆದಿರಲಿಲ್ಲ. ಅವರು ಪ್ರೀತಿಯಿಂದ ಕಳಿಸಿದ ಪುಸ್ತಕದಿಂದ ಹೀಗಾಯಿತೆಂದು ಬರೆಯುವುದು ಹೇಗೆ. ಆ ಮಧ್ಯಾಹ್ನ ಹರಕು ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಎಲ್ಲ ಹೇಳಿದೆ. ಗಿಡುಗದ ಕಾಲು ತೋರಿಸಲು ನನ್ನ ಬೆರಳನ್ನೂ ಬಗ್ಗಿಸಿದೆ. ಅವರು ಚಕ್ರಗಳ ಕಡೆ ನೋಡುತ್ತ ನಿಧಾನವಾಗಿ ಹೇಳಿದರು.

"ನಾನು ಆಗ ಶಾಲೆಯ ಹುಡುಗ. ಇವು ಇಲ್ಲಿಂದ ಏಳುವಾಗ ಬೇಲಿಯ ಹತ್ತಿರ ನಿಂತು ಕೈ ಬೀಸುತ್ತಿದ್ದೆವು. ಚಕ್ರ ಕಣ್ಣಿಗೆ ಮರೆಯಾಗುವವರೆಗೂ ಬೀಸುತ್ತಿದ್ದೆವು. ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಕೇಳಲಿಲ್ಲ, ಹೆಗಡೆ ಸಾನ್."

ಅಲ್ಲಿ ಖಾದರಜ್ಜ, ಇಲ್ಲಿ ಮೋರಿತಾ. ಇಬ್ಬರು ಮುದುಕರು, ಒಬ್ಬರಿಗೊಬ್ಬರು ತಿಳಿಯದವರು, ಒಂದೇ ವಿಮಾನದ ಕಾಲುಗಳನ್ನು ಆಚೆ ತುದಿಯಿಂದ ಈಚೆ ತುದಿಯಿಂದ ಕಂಡವರು. ನಡುವೆ ನಾನೊಬ್ಬ ಓದಿಕೊಂಡವನು. ಹೊರಡುವ ಮೊದಲು ಫೋಟೋ ತೆಗೆದೆ. ಕಾಲು ಎಷ್ಟು ಉದ್ದವೆಂದು ಖಾದರಜ್ಜನಿಗೆ ತಿಳಿಯಲಿ ಎಂದು ಮೋರಿತಾ ತಾವೇ ಹೋಗಿ ಚಕ್ರದ ಬದಿಗೆ, ಅಳತೆ ಕೊಡುವವರ ಹಾಗೆ ನೆಟ್ಟಗೆ ನಿಂತರು.

ಯಲ್ಲಾಪುರ

ಊರಿಗೆ ಬಂದವನು ಮೊದಲು ಕವಳ ಹಾಕಿದೆ. ಎರಡನೆಯದಾಗಿ ರೋಲು ತೊಳೆಯಲು ಕೊಟ್ಟೆ. ಆ ಒಂದು ಫೋಟೋವನ್ನು ದೊಡ್ಡದು ಮಾಡಿಸಿ, ಮರುದಿನ ಬೆಳಿಗ್ಗೆ ಯಲ್ಲಾಪುರದ ಬಸ್ಸು ಹತ್ತಿದೆ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಎಲ್ಲರ ಎದುರೇ ಹೇಳಬೇಕು, ಬೆಂಚು ತುಂಬಿರಲಿ ಎಂದು ಹಾರೈಸಿದೆ.

ಬೆಂಚು ತುಂಬಿಯೇ ಇತ್ತು. ಒಂದು ಲಾರಿಯ ಚಕ್ರ ಬಿಚ್ಚಿಟ್ಟಿದ್ದರು, ಅದರ ಚಾಲಕ, ಕ್ಲೀನರ್, ಇನ್ನಿಬ್ಬರು ಕಾಯುತ್ತ ಕೂತಿದ್ದರು. ಖಾದರಜ್ಜ ತೀರ ಇಳಿದುಹೋಗಿದ್ದರು, ಆದರೆ ದನಿ ಹಾಗೇ ಇತ್ತು. ರಫೀಕ ನನ್ನನ್ನು ನೋಡಿ ಅಪ್ಪನಿಗೆ ಹೇಳಿದ. ಅವರು ಕನ್ನಡಕ ಸರಿ ಮಾಡಿಕೊಂಡು, "ಬರ್ರಿ ಪೋಸ್ಟ್ ಸಾಹೇಬ್ರ, ಜಪಾನಿಗೆ ಹೋಗಿದ್ರಂತ" ಎಂದು ಜಾಗ ಮಾಡಿಕೊಟ್ಟರು. ಬೆಂಚಿನ ಮೇಲಿದ್ದವರಿಗೆಲ್ಲ ನನ್ನ ಗುರುತು ಹೇಳಿ, ಚಹಾ ತರಿಸುತ್ತೇನೆಂದರು. ಚಹಾ ಬರುವವರೆಗೆ ಕಾದೆ. ಆಮೇಲೆ ಫೋಟೋ ತೆಗೆದು ಅವರ ಕೈಯಲ್ಲಿಟ್ಟು, ಖಾದರಜ್ಜ, ನಿಮಗೆ ಬಂದದ್ದು ಇದೇ, ಎಂದೆ.

ಅವರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಕಾಲುಗಳ ಮೇಲೆ ಬೆರಳು ಆಡಿಸಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಇದು ಅಲ್ರೀ. ಅದಕ್ಕ ಕಾಲು ಇರ್ಲಿಲ್ಲ. ಮೀನಿನ ಹೊಟ್ಟಿ ಇದ್ದಂಗ ನುಣ್ಣಗಿತ್ತು. ಚಕ್ರ ಒಳಗ ಮಡಚಿಕೊಂಡಿತ್ತು."

ರಫೀಕ ಟ್ಯೂಬು ತೊಳೆಯುತ್ತಲೇ, ಅಪ್ಪ ಈಗ ಎಲ್ಲ ಗಿರಾಕಿಗಳಿಗೂ ಆ ಕತೆ ಹೇಳುತ್ತಾರೆ, ಮೀನಿನ ಹೊಟ್ಟೆಯ ವಿಮಾನ ಎಂದೇ ಹೆಸರಾಗಿದೆ ಎಂದ. ಲಾರಿ ಚಾಲಕ ಹೌದೆಂದ, ಅವನು ಎರಡು ಸಲ ಕೇಳಿದ್ದನಂತೆ. ಖಾದರಜ್ಜ ಅಂಗೈ ಚಪ್ಪಟೆ ಮಾಡಿ ಗಾಳಿಯಲ್ಲಿ ನುಣ್ಣಗೆ ಜಾರಿಸಿ ತೋರಿಸಿದರು. ಬೆರಳು ಬಗ್ಗಲೇ ಇಲ್ಲ. ಹೊಂಡ ಹಾಗೇ ಇತ್ತು, ಬಿಜಾಪುರದ ಗೆಳೆಯ ಹಾಗೇ ಇದ್ದ, ಕಾಲು ಮಾತ್ರ ಹೋಗಿತ್ತು. ನಾನು ತೆಗೆದುಹಾಕಿದ್ದೆ. ಕತೆ ಮುಗಿದ ಮೇಲೆ ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಉಳಿದವರ ಕಡೆ ತಿರುಗಿದರು.

"ಮೊದಲ ನಾನು ಕಾಲಿತ್ತು ಕಾಲಿತ್ತು ಅಂತಿದ್ದೆ. ಇವ್ರ ಪುಸ್ತಕ ತೋರ್ಸಿ ತಿದ್ದಿದ್ರು. ಇವ್ರು ಇರ್ಲಿಲ್ಲಂದ್ರ ಜಲ್ಮ ಪೂರ್ತಿ ಸುಳ್ಳು ಹೇಳ್ಕೋತ ಹೋಗ್ತಿದ್ದೆ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ನಾಲಿಗೆಯ ಮೇಲಿತ್ತು. ಹೇಳಿದ್ದರೆ ಆ ಬೆಂಚಿನ ಮೇಲೆ, ಅಷ್ಟೇ ಮಂದಿಯ ಎದುರು, ಎರಡನೇ ಸಲ ಅವರನ್ನು ತಿದ್ದಿದಂತಾಗುತ್ತಿತ್ತು. ನಾನು ಉಳಿದ ಚಹಾ ಕುಡಿದು ಮುಗಿಸಿದೆ. ಅವರು ಫೋಟೋ ಹಿಂದೆ ಕೊಡುತ್ತ, ಹಾಗಾದರೆ ಇದು ಯಾವ ವಿಮಾನ ಎಂದು ಕೇಳಿದರು.

ಬೇರೆ ಯಾವುದೋ, ಬರ್ಮಾಕ್ಕೆ ಬಂದದ್ದಲ್ಲ ಎಂದೆ. ವಿಮಾನದ ವಿಷಯದಲ್ಲಿ ನಾನು ಗೊತ್ತಿದ್ದೂ ಸುಳ್ಳು ಹೇಳಿದ್ದು ಅದೊಂದೇ ಸಲ.